ಯಂತ್ರಕ್ಕೆ ಬಹುವಚನ, ಮನುಷ್ಯನಿಗೆ?

ಕನ್ನಡದಲ್ಲಿ ಮುಕ್ತ ತಂತ್ರಾಂಶದ ಕೆಲಸ ಮಾಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ವಾದ ಗ್ಯಾರಂಟಿ. ಮೆನುವಿನಲ್ಲಿ ‘ಉಳಿಸು’ ಅಂತ ಹಾಕಬೇಕೋ, ‘ಉಳಿಸಿ’ ಅಂತ ಹಾಕಬೇಕೋ? ಇದು ನಾವು ಯಂತ್ರಕ್ಕೆ ಕೊಡುವ ಆಜ್ಞೆ, ಯಂತ್ರಕ್ಕೆಂಥ ಬಹುವಚನ, ‘ಉಳಿಸು’ ಸಾಕು ಅನ್ನುವುದು ಒಂದು ಗುಂಪು. ಇಲ್ಲ, ಓದುವವರಿಗೆ ಕಂಪ್ಯೂಟರೇ ತಮ್ಮನ್ನು ಏಕವಚನದಲ್ಲಿ ಕೂಗಿದ ಹಾಗಾಗುತ್ತೆ, ‘ಉಳಿಸಿ’ ಇರಲಿ ಅನ್ನುವುದು ಇನ್ನೊಂದು ಗುಂಪು. ಎರಡೂ ಬಗೆಯವು ಇವತ್ತಿಗೂ ಬಳಕೆಯಲ್ಲಿವೆ.

ವಾದ ಒಳ್ಳೆಯದೇ, ಆಗಲಿ ಬಿಡಿ. ನನಗೆ ಸೋಜಿಗ ಅನ್ನಿಸುವುದು ಬೇರೆ. ಯಂತ್ರ ಮನುಷ್ಯನನ್ನು ಹೇಗೆ ಮಾತಾಡಿಸಬೇಕು ಅಂತ ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ. ಅದೇ ವಾದದ ನಡುವೆ ಒಬ್ಬರು ಇನ್ನೊಬ್ಬರಿಗೆ “ನಿನಗೇನ್ ಗೊತ್ತಯ್ಯಾ ಕನ್ನಡ” ಅಂದರೆ ಮಾತ್ರ ಯಾರೂ ಕತ್ತೆತ್ತಿ ನೋಡುವುದಿಲ್ಲ!

ನಡವಳಿಕೆಗೊಂದು ನಿಯಮ ಬರೆದಿಡೋಣ ಅಂದರೆ ಸಾಕು, ಉತ್ತರಗಳು ಸಿದ್ಧವಾಗಿರುತ್ತವೆ. “ಕೆಲಸ ಮುಖ್ಯ ರೀ, ಮಾತಲ್ಲ.” “ಕೋಡ್ ಚೆನ್ನಾಗಿದ್ದರೆ ಸಾಕು.” “ಚರ್ಮ ದಪ್ಪ ಇಲ್ಲದವರು ಇಲ್ಲಿಗೆ ಯಾಕೆ ಬರಬೇಕು?” “ಇವೆಲ್ಲ ಅಮೆರಿಕದವರ ಖಾಯಿಲೆ, ನಮಗೆ ಬೇಡ.” ಈ ನಾಲ್ಕೂ ಮಾತು ತಪ್ಪು ಅನ್ನುವುದು ನನ್ನ ವಾದ. ಒಂದೊಂದಾಗಿ ನೋಡೋಣ.

ನಮ್ಮದು ಬಿಳಿಚೋಡು ಕಡೆ, ಜಗಳೂರು ತಾಲ್ಲೂಕು. ಮಳೆ ನಂಬಿದವರ ಸೀಮೆ. ಬಿತ್ತನೆಗೋ ಕಳೆಗೋ ಹದ ಬಂತೆಂದರೆ ಎಲ್ಲರ ಹೊಲಕ್ಕೂ ಒಟ್ಟಿಗೇ ಬರುತ್ತೆ, ಕೂಲಿಗೆ ಜನ ಸಿಗಲ್ಲ, ಸಿಕ್ಕರೂ ಕೊಡಲು ಕೈಯಲ್ಲಿ ದುಡ್ಡಿರಲ್ಲ. ಅದಕ್ಕೇ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ದುಡ್ಡಿನ ಮಾತೇ ಇಲ್ಲ. ಈಗ ಕಡಿಮೆಯಾಗಿದೆ, ಆದರೆ ಹಿರಿಯರನ್ನು ಕೇಳಿ, ಅದರ ರೀತಿ ರಿವಾಜು ಹೇಳುತ್ತಾರೆ. ಮುಯ್ಯಿಗೆ ಬಂದವರನ್ನು ಮೊದಲು ಊಟಕ್ಕೆ ಕೂರಿಸಬೇಕು. ಸಾಲು ಸೊಟ್ಟ ಹೋಗಿದ್ದರೆ ಸಾಲು ಸೊಟ್ಟ ಅನ್ನಬೇಕು, ಮನುಷ್ಯನನ್ನು ಹಳಿಯಬಾರದು. ಯಾಕೆ? ಕೂಲಿಯವನು ಬೈಗುಳ ನುಂಗಿಕೊಂಡಾನು, ಸಂಜೆ ಅವನಿಗೆ ದುಡ್ಡು ಬರಬೇಕು. ಮುಯ್ಯಿಗೆ ಬಂದವನಿಗೆ ಆ ಹಂಗಿಲ್ಲ. ನಾಳೆ ಅವನು ಬರಲ್ಲ, ಅಷ್ಟೇ. ಜಗಳವನ್ನೂ ಆಡಲ್ಲ.

ಮುಕ್ತ ತಂತ್ರಾಂಶ ಅಂದರೆ ಇದೇ ಅಲ್ಲವೇ? ಸಂಬಳ ತೆಗೆದುಕೊಂಡು ಮಾಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕನ್ನಡದ ಮಟ್ಟಿಗೆ ಅನುವಾದ, ಫಾಂಟು, ಕೀಲಿಮಣೆ, ಕಾಗುಣಿತ ಪರೀಕ್ಷೆ, ದೋಷ ವರದಿ, ಹೆಚ್ಚಿನದೆಲ್ಲ ಮುಯ್ಯಾಳಿನ ಕೆಲಸ. ಇಲ್ಲಿ ಕೊಡಲು ನಮ್ಮ ಹತ್ತಿರ ಇರುವ ಒಂದೇ ಕೂಲಿ ಮರ್ಯಾದೆ. ಅದನ್ನೂ ಕೊಡದಿದ್ದರೆ ಬಿಟ್ಟಿ ದುಡಿಸಿಕೊಂಡು ಬೈದು ಕಳಿಸಿದ ಹಾಗೆ. “ಕೆಲಸ ಮುಖ್ಯ, ಮಾತಲ್ಲ” ಅನ್ನುವವರಿಗೆ ನನ್ನ ಉತ್ತರ ಇದು: ಕೆಲಸ ಮುಖ್ಯ ಅಂತಲೇ ಮಾತು ಮುಖ್ಯ.

ಇನ್ನು ಎಲ್ಲರ ಬತ್ತಳಿಕೆಯ ಕೊನೆಯ ಬಾಣ. “ಲಿನಸ್ ಟೊರ್ವಾಲ್ಡ್ಸ್ ವರ್ಷಗಟ್ಟಲೆ ಬೈದರೂ ಲಿನಕ್ಸ್ ಬೆಳೀತಲ್ಲ?”

ಬೆಳೀತು, ನಿಜ. ಆದರೆ ಆ ಲಿನಸ್ ಏನು ಹೇಳಿದರು ಅನ್ನುವುದನ್ನೂ ಪೂರ್ತಿ ಕೇಳಬೇಕಲ್ಲ. ೨೦೧೮ರ ಸೆಪ್ಟೆಂಬರಿನಲ್ಲಿ, ತಾನು ಮಿಂಚಂಚೆಗಳಲ್ಲಿ ಜನರ ಮೇಲೆ ಎಗರಾಡಿದ್ದು ಸರಿಯಲ್ಲ ಎಂದು ಅವರೇ ಬರೆದು ಕ್ಷಮೆ ಕೇಳಿದರು. ಸುಮಾರು ಒಂದು ತಿಂಗಳು ಕೆಲಸದಿಂದ ದೂರ ಉಳಿದರು. ಅದೇ ಹೊತ್ತಿಗೆ ಲಿನಕ್ಸ್ ಕರ್ನೆಲ್ ಯೋಜನೆ ಹೊಸ ನಡವಳಿಕೆ ಸಂಹಿತೆಯನ್ನು ಒಪ್ಪಿಕೊಂಡಿತು. ಕೊರಲೈನ್ ಎಮ್ಕೆ ೨೦೧೪ರಲ್ಲಿ ಬರೆದ ‘ಕಾಂಟ್ರಿಬ್ಯೂಟರ್ ಕವನೆಂಟ್’ ಅನ್ನುವ ಕರಡೇ ಅದಕ್ಕೆ ಮೂಲ. ಅಂದರೆ ನೀವು ಸಾಕ್ಷಿಗೆ ಕರೆತಂದ ಮನುಷ್ಯನೇ ನಿಮ್ಮ ಕಡೆ ಸಾಕ್ಷಿ ಹೇಳುತ್ತಿಲ್ಲ :)

ಅದಕ್ಕೂ ಮುಂಚೆ ಏನಾಯಿತು? ಲಿನಕ್ಸಿಗೆ ಯುಎಸ್‌ಬಿ ೩.೦ ಬೆಂಬಲ ಬರೆದ ಸೇಜ್ ಶಾರ್ಪ್ ೨೦೧೩ರಲ್ಲೇ ಈ ಬೈಗುಳ ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿದ್ದರು. ಆಮೇಲೆ ಆ ಜವಾಬ್ದಾರಿ ಬಿಟ್ಟರು. ಕರ್ನೆಲ್ ಸಮುದಾಯವನ್ನೇ ಬಿಟ್ಟದ್ದು ಯಾಕೆ ಅಂತ ೨೦೧೫ರಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು. ಇಂಥ ಒಬ್ಬರು ಹೇಳಿ ಹೋದರು, ಗೊತ್ತಾಯಿತು. ಹೇಳದೆ ಹೋದವರ ಲೆಕ್ಕ ಯಾವ ಖಾತೆಯಲ್ಲೂ ಇಲ್ಲ. ಉಳಿದವರನ್ನಷ್ಟೇ ಎಣಿಸಿ “ನೋಡಿ, ಯಾರಿಗೂ ತೊಂದರೆ ಆಗಿಲ್ಲ” ಅನ್ನುವುದು, ಬರಗಾಲದಲ್ಲಿ ಊರು ಬಿಟ್ಟವರನ್ನು ಬಿಟ್ಟು ಉಳಿದವರಿಗೆ ಊಟ ಇದೆಯಾ ಅಂತ ಕೇಳಿದ ಹಾಗೆ.

ದಪ್ಪ ಚರ್ಮದ ಮಾತಿಗೆ ಬರೋಣ. ಒರಟುತನದಿಂದ ಮನಸ್ಸು ಮಾತ್ರ ಮುರಿಯುತ್ತೆ ಅಂದುಕೊಂಡವರು ಎಕ್ಸ್‌ಝಡ್ ಪ್ರಕರಣ ನೆನಪಿಸಿಕೊಳ್ಳಿ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸುಗಳಲ್ಲೂ ಇದೆ. ವರ್ಷಗಳ ಕಾಲ ಅದನ್ನು ನೋಡಿಕೊಂಡವರು ಲಾಸ್ಸೆ ಕಾಲಿನ್ ಎಂಬ ಒಬ್ಬರು, ಸಂಬಳವಿಲ್ಲದೆ. ೨೦೨೨ರಲ್ಲಿ ಕೆಲವು ಖಾತೆಗಳಿಂದ ಅವರ ಮೇಲೆ ಒತ್ತಡ ಶುರುವಾಯಿತು. ಕೆಲಸ ನಿಧಾನ, ನಿಮಗೆ ಆಸಕ್ತಿ ಇಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಅನ್ನುವ ಧಾಟಿಯಲ್ಲಿ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಹೇಳಿಕೊಂಡರೂ ಆ ಒತ್ತಡ ನಿಲ್ಲಲಿಲ್ಲ. ಕೊನೆಗೆ ‘ಜಿಯಾ ಟಾನ್’ ಎಂಬ ಹೆಸರಿನ, ತುಂಬಾ ಸಹಾಯ ಮಾಡುತ್ತಿದ್ದ ಖಾತೆಗೆ ಅಧಿಕಾರ ಹೋಯಿತು. ೨೦೨೪ರಲ್ಲಿ ಅದೇ ಖಾತೆ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟಿತು. ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿ ನೋಡಿದ್ದರಿಂದ ೨೦೨೪ರ ಮಾರ್ಚ್ ೨೯ರಂದು ಜಗತ್ತಿಗೆ ಗೊತ್ತಾಯಿತು. ಬೈದ ಆ ಖಾತೆಗಳು ನಕಲಿ ಎಂದೇ ಈಗ ನಂಬಲಾಗಿದೆ.

ಇದರಲ್ಲಿ ಯೋಚಿಸಬೇಕಾದದ್ದು ಒಂದೇ. ಬಿಟ್ಟಿ ದುಡಿಯುವವರನ್ನು ನಾಲ್ಕು ಜನ ಹಂಗಿಸುವುದು ಮಾಮೂಲು ಅನ್ನುವಂಥ ಜಾಗದಲ್ಲಿ ಕಳ್ಳನ ಬೈಗುಳ ಯಾವುದು, ಮನೆಯವರ ಬೈಗುಳ ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ! ಆ ದಿನ ಒಬ್ಬರು ಎದ್ದು “ಹೀಗೆಲ್ಲ ಮಾತಾಡಬೇಡಿ, ಬೇಕಿದ್ದರೆ ನೀವೇ ಒಂದಿಷ್ಟು ಕೆಲಸ ಹಂಚಿಕೊಳ್ಳಿ” ಅಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಮರ್ಯಾದೆ ಅನ್ನುವುದು ಬೇಲಿಯೂ ಹೌದು.

ಈಗ ಕನ್ನಡಕ್ಕೆ ಬರೋಣ. ನಮಗೆ ಹೊಸಬರನ್ನು ಕಳೆದುಕೊಳ್ಳುವ ಶ್ರೀಮಂತಿಕೆ ಇಲ್ಲ. ಇಂಗ್ಲಿಷಿನ ತಂತ್ರಾಂಶಕ್ಕೆ ಹತ್ತು ಜನ ಹೋದರೆ ನೂರು ಜನ ಬರುತ್ತಾರೆ. ಕನ್ನಡದ ಒಂದು ಅನುವಾದ ತಂಡದಲ್ಲಿ ಒಬ್ಬರು ಹೋದರೆ ಆ ತಂತ್ರಾಂಶದ ಕನ್ನಡವೇ ಅಲ್ಲಿಗೆ ನಿಂತಿತು ಅಂತಲೂ ಆಗಬಹುದು.

ಇನ್ನೊಂದು ವಿಷಯ. ಕನ್ನಡದ ದೋಷವನ್ನು ಕಣ್ಣಿಟ್ಟು ನೋಡಬಲ್ಲವರು ಕನ್ನಡ ಓದುವವರು ಮಾತ್ರ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಯೂನಿಕೋಡಿನಲ್ಲಿ ಇದಕ್ಕಾಗಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕು. ಅದನ್ನು ಫಾಂಟೂ, ಹಾರ್ಫ್‌ಬಝ್‌ನಂಥ ಅಕ್ಷರ ಜೋಡಿಸುವ ತಂತ್ರಾಂಶವೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಎಲ್ಲೋ ಕೂತ ಮಹಾ ಪರಿಣತನಿಗೆ ಕೋಡೆಲ್ಲ ಬಾಯಿಪಾಠ ಇರಬಹುದು, ಆದರೆ ತೆರೆಯ ಮೇಲೆ ಮೂಡಿದ ಅಕ್ಷರ ತಪ್ಪು ಅಂತ ಅವನಿಗೆ ಗೊತ್ತಾಗಲ್ಲ. ಬಿಳಿಚೋಡಿನ ಶಾಲೆಯ ಹುಡುಗಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಆ ಹುಡುಗಿ ಹರಕು ಮುರುಕು ಇಂಗ್ಲಿಷಿನಲ್ಲಿ, ತಪ್ಪು ಜಾಗದಲ್ಲಿ ದೂರು ಬರೆದಾಗ “ಮೊದಲು ಕೈಪಿಡಿ ಓದಿಕೊಂಡು ಬಾ” ಅಂದರೆ ನಷ್ಟ ಯಾರಿಗೆ? ಅವಳಿಗಲ್ಲ. ಅವಳು ಮೊಬೈಲಿನ ಭಾಷೆ ಇಂಗ್ಲಿಷಿಗೆ ಬದಲಾಯಿಸಿಕೊಂಡು ಹೋಗುತ್ತಾಳೆ.

ಹಾಗಾದರೆ ಇಂಗ್ಲಿಷಿನ ಯಾವುದಾದರೂ ಸಂಹಿತೆಯನ್ನು ತಂದು ಅನುವಾದಿಸಿಕೊಂಡರೆ ಆಯಿತಾ? ಇಲ್ಲ. ‘ಅಮೆರಿಕದವರ ಖಾಯಿಲೆ’ ಅನ್ನುವವರಿಗೂ ಇಲ್ಲೇ ಉತ್ತರ ಇದೆ. ನಮ್ಮ ಖಾಯಿಲೆಗಳು ನಮ್ಮವೇ, ಔಷಧವನ್ನೂ ನಾವೇ ಅರೆಯಬೇಕು. ಇಂಗ್ಲಿಷಿನಲ್ಲಿ ‘ನೀನು’, ‘ನೀವು’ ಎರಡಕ್ಕೂ ಒಂದೇ ಪದ, ಆದ್ದರಿಂದ ಏಕವಚನದಲ್ಲಿ ಚುಚ್ಚುವ ಕಲೆ ಅವರ ಸಂಹಿತೆಯಲ್ಲಿ ಸಿಗಲ್ಲ. ಬರೆದದ್ದರಲ್ಲಿ ಹಕಾರ ಅಕಾರ ಅದಲುಬದಲಾದರೆ ವಿಷಯ ಬಿಟ್ಟು ಕಾಗುಣಿತ ಹಿಡಿದು ನಗುವುದು, “ಯಾವ ಕಡೆಯವರು, ಈ ಥರ ಕನ್ನಡ?” ಅನ್ನುವುದು, ಪರಿಚಯದ ನೆಪದಲ್ಲಿ “ಯಾರ ಪೈಕಿ?” ಅಂತ ಜಾತಿ ಕೆದಕುವುದು, ಹೆಣ್ಣುಮಗಳು ಕೋಡ್ ಕಳಿಸಿದರೆ “ನೀವೇ ಬರೆದಿರಾ?” ಅಂತ ಕೇಳುವುದು. ಇವು ನಮ್ಮ ಮನೆಯ ಕಸ, ನಮ್ಮ ಪೊರಕೆಯೇ ಬೇಕು.

ನಮ್ಮ ಕಡೆಯ ಮಾತೇ ಒರಟು ಅನ್ನುವವರೂ ಇದ್ದಾರೆ. ಸ್ವಾಮಿ, ನಾನೂ ಅದೇ ಕಡೆಯವನು. ಕಟ್ಟೆ ಮೇಲೆ ಕೂತ ಹಿರಿಯರು “ಎಲ್ಲಿಗ್ಯಾ ಹೊಂಟೀಯಲೇ” ಅಂದರೆ ಅದು ಅಕ್ಕರೆ. ಅವರು ನನ್ನ ಅಪ್ಪನನ್ನು ಬಲ್ಲರು, ನನ್ನ ಮದುವೆಗೆ ಬಂದವರು, ಕಷ್ಟಕ್ಕೆ ಆಗುವವರು. ಮುಖ ನೋಡದ, ಹೆಸರಷ್ಟೇ ಕಾಣುವ ಅಪರಿಚಿತರಿಗೆ ಅದೇ ‘ಲೇ’ ಬಿದ್ದರೆ ಅಕ್ಕರೆ ಸೋರಿಹೋಗಿ ಬರೀ ‘ಲೇ’ ಉಳಿಯುತ್ತೆ. ಊರಿನ ಮಾತಿಗೆ ಕೆಟ್ಟ ಹೆಸರು ತರಬೇಡಿ.

ಹಾಗಾದರೆ ತಪ್ಪನ್ನು ತಪ್ಪು ಅನ್ನಬಾರದಾ? ಖಂಡಿತ ಅನ್ನಬೇಕು, ನೇರವಾಗಿಯೇ ಅನ್ನಬೇಕು. “ಈ ಅನುವಾದ ತಪ್ಪು, ಇಲ್ಲಿ ಕಡತ ಅಂದರೆ ಅರ್ಥ ಕೆಡುತ್ತೆ, ಹೀಗೆ ತಿದ್ದಿ” ಅನ್ನುವುದು ಒರಟಲ್ಲ. “ನಿಮ್ಮಂಥವರಿಂದಲೇ ಕನ್ನಡ ಹಾಳಾಗಿದ್ದು” ಅನ್ನುವುದು ಒರಟು. ಮೊದಲನೆಯದರಿಂದ ಅನುವಾದ ಸರಿಹೋಗುತ್ತೆ. ಎರಡನೆಯದರಿಂದ ಹೇಳಿದವನಿಗೆ ಸಮಾಧಾನ, ಅಷ್ಟೇ.

ಇನ್ನೊಂದು ಪ್ರಾಮಾಣಿಕ ಪ್ರಶ್ನೆ ಇದೆ. ಬುದ್ಧಿಮಾತು ಸಾಕೋ, ಶಿಕ್ಷೆಯೂ ಬೇಕೋ? ರಿಚರ್ಡ್ ಸ್ಟಾಲ್ಮನ್ ೨೦೧೮ರ ಅಕ್ಟೋಬರಿನಲ್ಲಿ ಗ್ನೂ ಯೋಜನೆಗೆ ಸೌಜನ್ಯದ ಮಾತಿನ ಸೂಚನೆಗಳನ್ನಷ್ಟೇ ಕೊಟ್ಟರು, ದಂಡನೆಯ ನಿಯಮ ಬೇಡವೆಂದರು. ಲಿನಕ್ಸ್ ಕರ್ನೆಲ್ಲಿನವರು ಬೇರೆ ದಾರಿ ಹಿಡಿದರು. ೨೦೨೪ರ ನವೆಂಬರಿನಲ್ಲಿ, ಒಂದು ಇಡೀ ಕಡತ ವ್ಯವಸ್ಥೆಯ ಮುಖ್ಯ ಲೇಖಕರನ್ನೇ ೬.೧೩ ಆವೃತ್ತಿಯ ಕೆಲಸದಿಂದ ದೂರ ಇಟ್ಟರು, ಸಹೋದ್ಯೋಗಿಯೊಬ್ಬರಿಗೆ ಆಡಿದ ಮಾತಿಗಾಗಿ. ನನ್ನ ಮತ ಎರಡನೆಯದಕ್ಕೆ. ಕೇಳುವವರಿಲ್ಲದ ನಿಯಮ ಸಣ್ಣವರಿಗೆ ಮಾತ್ರ ಅನ್ವಯ ಆಗುತ್ತೆ. ದೊಡ್ಡ ಕೆಲಸ ಮಾಡಿದವರಿಗೆ ಬೈಯಲು ಪರವಾನಗಿ ಇದೆ ಅಂತ ಎಲ್ಲರೂ ಒಳಗೊಳಗೇ ಒಪ್ಪಿಕೊಂಡುಬಿಡುತ್ತಾರೆ.

ಇದೆಲ್ಲ ದೂರದ ಮಾತಲ್ಲ. ೨೦೦೩ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯಕ್ಕೂ ೨೦೨೧ರಲ್ಲಿ ವಿಕಿಮೀಡಿಯ ಪ್ರಕಟಿಸಿದ ಸಾರ್ವತ್ರಿಕ ನಡವಳಿಕೆ ಸಂಹಿತೆ ಅನ್ವಯಿಸುತ್ತೆ. ಉಳಿದ ಕನ್ನಡ ತಂಡಗಳು ಯಾಕೆ ಕಾಯಬೇಕು? ಐದೇ ಐದು ಸಾಲು ಸಾಕು:

೧. ಪರಿಚಯವಿಲ್ಲದವರಿಗೆ ಬಹುವಚನ. ಅವರಾಗಿ ಬೇಡ ಅಂದರೆ ಮಾತ್ರ ಏಕವಚನ.
೨. ಮಾತು ಕೆಲಸದ ಮೇಲೆ, ಮನುಷ್ಯನ ಮೇಲಲ್ಲ.
೩. ಜಾತಿ, ಊರು, ಉಚ್ಚಾರ, ಕಾಗುಣಿತ ಹಿಡಿದು ನಗಬಾರದು. ಕಾಗುಣಿತ ತಿದ್ದಬಹುದು, ಸುಮ್ಮನೆ ತಿದ್ದಿ.
೪. ಕೆಲಸ ಮಾಡಿದವರ ಹೆಸರು ಹಾಕಬೇಕು, ಎರಡೇ ಪದ ಅನುವಾದಿಸಿದ್ದರೂ.
೫. ಇದನ್ನು ಮುರಿದರೆ ಯಾರಿಗೆ ಹೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ಆ ‘ಯಾರು’ ಒಬ್ಬರೇ ಇರಬಾರದು. ಅವರೇ ಮುರಿದರೆ?

ಇದರಲ್ಲಿ ಅಮೆರಿಕದ್ದು ಯಾವುದು, ಕಷ್ಟದ್ದು ಯಾವುದು, ಹೇಳಿ ನೋಡೋಣ. ತಂಡ ಕಟ್ಟಿರುವವರು, ಕಟ್ಟುತ್ತಿರುವವರು ಈ ಸಾಲುಗಳನ್ನು ಹಾಗೇ ಎತ್ತಿಕೊಳ್ಳಿ, ತಿದ್ದಿ, ಸೇರಿಸಿ, ಹಂಚಿ. ಇದೂ ಮುಕ್ತವೇ.

ಆರನೆಯ ಸಾಲು ಏನಿರಬೇಕು? ನೀವು ಹೇಳಿ. (ಬಹುವಚನ ಗಮನಿಸಿ :) )