ಭಿತ್ತಿಚಿತ್ರವೂ ಸುಣ್ಣದ ಕುಂಚವೂ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂಬುದನ್ನು ಹಿರಿಯರೆಲ್ಲರೂ ಒಪ್ಪಿದ್ದಾರೆ. ಆದರೆ ಗುಡಗೇರಿಯಂಥ ಊರುಗಳಿಂದ ವರ್ಷಕ್ಕೊಮ್ಮೆ ಹೊರಡುವ ಶಾಲಾ ಪ್ರವಾಸವು ಒಂದೇ ಹಗಲಿನಲ್ಲಿ ನಾಲ್ಕಾರು ಸ್ಥಳಗಳನ್ನು ಸುತ್ತಿಸಿ ಮರಳಿದರೆ, ಮಕ್ಕಳ ನೆನಪಿನಲ್ಲಿ ಉಳಿಯುವುದು ಬುತ್ತಿಯ ರುಚಿ ಮಾತ್ರ. ನೋಡತಕ್ಕುದನ್ನು ನಡೆದು ನೋಡಬೇಕು, ನಿಧಾನವಾಗಿ ನೋಡಬೇಕು.

ಇದಕ್ಕೆ ಶ್ರೀರಂಗಪಟ್ಟಣವೇ ನಿದರ್ಶನ. ಕಾವೇರಿಯ ಕವಲುಗಳ ನಡುವಿನ ಆ ದ್ವೀಪದಲ್ಲಿ ರಂಗನಾಥನ ಗುಡಿಯಿಂದ ಹೊರಟು, ಕೋಟೆಯನ್ನು ದಾಟಿ ಪೂರ್ವಕ್ಕೆ ನಡೆದರೆ, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎದುರಾಗುತ್ತದೆ. ತೆರೆದ ಮೊಗಸಾಲೆಯ ಹೊರಗೋಡೆಗಳನ್ನೆಲ್ಲ ಅಲ್ಲಿ ಚಿತ್ರಗಳು ತುಂಬಿವೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವಿದೆ. ಸೋತ ಕರ್ನಲ್ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತಲೂ ಅವನ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗೋಡೆಯ ಉದ್ದಕ್ಕೂ ಹೆಜ್ಜೆಯಿಡುತ್ತ ಹೋದಂತೆಯೇ ಆ ಜನಸಂದಣಿಯೊಳಗಿನ ಕಥೆ ಬಿಚ್ಚಿಕೊಳ್ಳುತ್ತದೆ.

ಆ ಚಿತ್ರಗಳು ಉಳಿದು ಬಂದ ಬಗೆಯೂ ಮನನಯೋಗ್ಯವಾಗಿದೆ. 1799ರ ಮುತ್ತಿಗೆಗೆ ಮುನ್ನ ಕೆಟ್ಟಿದ್ದ ಅವುಗಳನ್ನು, ಅನಂತರ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಮತ್ತೆ ಬರೆಯಿಸಿದನು. ಮುಂದೆ ಅವುಗಳ ಮೇಲೆ ಸುಣ್ಣ ಬಿದ್ದಿತು. ಕೊನೆಗೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನು ಅವುಗಳನ್ನು ಪುನಃ ಬಿಡಿಸಿದನು. ಶತ್ರುವಿನ ವಿಜಯಚಿತ್ರವನ್ನೂ ಆಂಗ್ಲರು ಉಳಿಸಿಕೊಂಡರೆಂಬುದು ಗಮನಾರ್ಹ.

ಆ ಚಿತ್ರಕಾರನು ನೆನಪಿಡದೆ ಹೋಗಿದ್ದರೆ? ಈ ಪ್ರಶ್ನೆ ಧಾರವಾಡ ಸೀಮೆಗೂ ಅನ್ವಯಿಸುತ್ತದೆ. ಜಾತ್ರೆ ಬಂದಿತೆಂದರೆ ಹಳೆಯ ಗುಡಿ, ಮಠ, ವಾಡೆಗಳ ಗೋಡೆಗಳಿಗೆ ಭಕ್ತಿಯಿಂದಲೇ ಸುಣ್ಣ ಬಳಿಯುತ್ತಾರೆ; ಕೆತ್ತನೆಗಳಿಗೆ ಎಣ್ಣೆಬಣ್ಣ ಹಚ್ಚುತ್ತಾರೆ. ದಾನಿಗಳ ಉದ್ದೇಶ ಪವಿತ್ರವಾದುದು, ಸಂದೇಹವಿಲ್ಲ. ಆದರೆ ಕುಂಚದ ಅಡಿಯಲ್ಲಿ ಮುಚ್ಚಿಹೋದ ರೇಖೆಯನ್ನು ನೆನಪಿನಿಂದ ಮರಳಿ ಬರೆಯಬಲ್ಲವರು ಊರೂರಿಗೆ ಸಿಗಲಾರರು.

ಗುಡಗೇರಿಯೂ ಬರಿಯ ಹೊಲಗಳ ಊರಲ್ಲ. ಶಕ 998ರ ಜೈನ ಶಾಸನವು ಈ ಊರಿನ ಹೆಸರನ್ನು ಕಲ್ಲಿನಲ್ಲಿ ಉಳಿಸಿದೆ. ಆದುದರಿಂದ ದೂರದ ಪ್ರವಾಸಕ್ಕೆ ಮುನ್ನ ಶಿಕ್ಷಕರು ಮಕ್ಕಳನ್ನು ಸುತ್ತಲಿನ ಹಳೆಯ ಗೋಡೆಗಳೆದುರಿಗೆ ನಡೆಸಿಕೊಂಡು ಹೋಗಲಿ. ಕಂಡದ್ದನ್ನು ಬರೆಯಿಸಲಿ, ಚಿತ್ರಿಸಲಿ. ದಾನಿಗಳು ಬಣ್ಣಕ್ಕೆ ಹಣವೀಯುವ ಮುನ್ನ ಬಲ್ಲವರನ್ನು ಕರೆಸಿ ಗೋಡೆಯನ್ನು ತೋರಿಸಲಿ. ಹೊಸದನ್ನು ಕಟ್ಟಿಸುವುದು ಪುಣ್ಯಕಾರ್ಯವಾದಂತೆ, ಹಳೆಯದನ್ನು ಅಳಿಸದೆ ಉಳಿಸುವುದೂ ದಾಸೋಹವೇ ಆಗಿದೆ.