ಬಂಧುಗಳ ಕಾರು, ಬಾಡಿಗೆಯ ಕಾರು

ಈ ತಿಂಗಳು ಮನೆವಾರ್ತೆಯ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಇದನ್ನು ಬರೆಯಲು ನಮಗೆ ಸಂಕೋಚವಿತ್ತು. ಏಕೆಂದರೆ ಇದರಲ್ಲಿ ನಮ್ಮ ತಪ್ಪೂ ಸೇರಿದೆ.

ಕಳೆದ ವರ್ಷ ಮಾಘಮಾಸದಲ್ಲಿ ನ್ಯಾಮತಿಯ ನಮ್ಮ ಷಡ್ಡಕರ ಮಗನಿಗೆ ಜಗಳೂರಿನ ಕಡೆಯ ಕನ್ಯೆ ಗೊತ್ತಾಯಿತು. ವೀಳ್ಯಶಾಸ್ತ್ರಕ್ಕೆ ಹದಿನೈದು ಮಂದಿ ಹೊರಡಬೇಕಾಗಿತ್ತು. ಚನ್ನಗಿರಿಯಿಂದ ನಮ್ಮ ಕಾರು ಬರುವುದೆಂದು ನಿಶ್ಚಯವಾಗಿತ್ತು. ಉಳಿದವರಿಗೆ ಇನ್ನೊಂದು ದೊಡ್ಡ ಕಾರು ಬೇಕಾಯಿತು. ಹೊನ್ನಾಳಿಯ ಬಂಧುವೊಬ್ಬರ ಮನೆಯಲ್ಲಿ ಏಳು ಸೀಟಿನ ಕಾರು ಇರುವುದನ್ನು ನೆನಪಿಸಿದವರು ನಾವೇ. "ನಮ್ಮವರೇ ಇದ್ದಾರೆ, ಹೊರಗಿನ ಬಾಡಿಗೆ ಗಾಡಿ ಏಕೆ?" ಎಂದೂ ಹೇಳಿದೆವು. ಡೀಸೆಲ್ ನಮ್ಮದು, ಮೇಲೆ ಮೂರು ಸಾವಿರ ರೂಪಾಯಿ ಅವರಿಗೆ ಎಂದು ಮಾತಾಯಿತು. ಬಾಡಿಗೆ ಎಂಬ ಶಬ್ದವನ್ನು ಮಾತ್ರ ಯಾರೂ ಆಡಲಿಲ್ಲ. "ಏನಾದರೂ ಕೊಡಿ, ನಮ್ಮವರ ಕೆಲಸವಲ್ಲವೇ" ಎಂದಷ್ಟೇ ಅವರು ಅಂದರು.

ಆ ಬಂಧುವನ್ನು ದೂರುವುದು ಸರಿಯಲ್ಲ. ಅಡಿಕೆಗೆ ಒಳ್ಳೆಯ ದರವಿದ್ದಾಗ ಸಾಲ ಮಾಡಿ ಕೊಂಡ ಕಾರು ಅದು. ಹಳ್ಳಿಯ ಮನೆಯಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತ ಕಾರು ಓಡುವ ಕಾರಿನಷ್ಟೇ ಖರ್ಚು ಬೇಡುತ್ತದೆ. ತಿಂಗಳ ಕಂತು ತಪ್ಪುವುದಿಲ್ಲ, ವರ್ಷದ ವಿಮೆ ತಪ್ಪುವುದಿಲ್ಲ, ಬ್ಯಾಟರಿ ತಾನಾಗಿಯೇ ಇಳಿದುಹೋಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಚಪ್ಪರದ ಬದಿಯಲ್ಲಿ ನಿಲ್ಲಿಸಿದ ನಮ್ಮದೇ ಕಾರಿನ ವೈರುಗಳನ್ನು ಇಲಿಗಳು ಕಡಿದು, ಗ್ಯಾರೇಜಿನವರಿಗೆ ಒಂದು ಗದ್ದೆಯ ಗೊಬ್ಬರದ ಹಣ ಕೊಟ್ಟೆವು. ಟೈರಿನ ಅಂಚಿನಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ; 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ಕಡಿಮೆ ಓಡಿದ ಟೈರು ಹೊಸದರಂತೆ ಕಂಡರೂ ವಯಸ್ಸಾದ ರಬ್ಬರು ಒಳಗೊಳಗೇ ಬಿರುಕು ಬಿಡುತ್ತದೆ ಎಂಬುದನ್ನು ನಾವು ತಡವಾಗಿ ಕಲಿತೆವು. ಹೀಗಿರುವಾಗ ಮದುವೆ-ಮುಂಜಿಗೆ ಕಾರು ಕೊಟ್ಟು ಒಂದು ಕಂತನ್ನಾದರೂ ಹುಟ್ಟಿಸಿಕೊಳ್ಳೋಣವೆಂದು ಯಾರಿಗಾದರೂ ತೋರುವುದು ಸಹಜ.

ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ, ದಾವಣಗೆರೆಯನ್ನು ಹಾಯ್ದು ಜಗಳೂರಿನ ಹಾದಿ ಹಿಡಿದೆವು. ಕಾರ್ಯ ಸುಸೂತ್ರವಾಗಿ ನಡೆಯಿತು. ಹಿಂತಿರುಗುವಾಗ ಮುಸ್ಸಂಜೆಯ ಹೊತ್ತಿಗೆ, ಮುಂದೆ ಹೋಗುತ್ತಿದ್ದ ಹೊನ್ನಾಳಿಯ ಕಾರಿಗೂ ಅಡ್ಡರಸ್ತೆಯಿಂದ ಬಂದ ಒಂದು ಮೋಟಾರು ಸೈಕಲ್ಲಿಗೂ ಡಿಕ್ಕಿಯಾಯಿತು. ಸವಾರ ಇಪ್ಪತ್ತೆರಡು ವರ್ಷದ ಹುಡುಗ, ಕೂಲಿಯವನು. ಅವನ ಬಲಗಾಲು ಎರಡು ಕಡೆ ಮುರಿದಿತ್ತು. ನಮ್ಮ ಕಾರಿನಲ್ಲಿಯೇ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು.

ಮರುದಿನ ಪೊಲೀಸರು ಹೇಳಿಕೆ ಬರೆಸಿಕೊಳ್ಳುವಾಗ ಕಾರು ಯಾರದು, ಹೇಗೆ ಬಂದಿರಿ ಎಂದು ಕೇಳಿದರು. ಹಿರಿಯರಿಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ನೆಂಟರ ಕಾರು, ಸುಮ್ಮನೆ ಕೊಟ್ಟಿದ್ದರು ಎನ್ನಿ" ಎಂದು ಪಿಸುಗುಟ್ಟಿದರು. ನಾವು ಹಾಗೆಯೇ ಹೇಳುವವರಿದ್ದೆವು. ಅಷ್ಟರಲ್ಲಿ ಆ ಕಾರಿನಲ್ಲಿ ಕುಳಿತಿದ್ದ ನಮ್ಮ ದೊಡ್ಡಮ್ಮನವರು, ಎಂಬತ್ತು ದಾಟಿದವರು, "ಮೂರು ಸಾವಿರಕ್ಕೆ ಮಾತಾಡಿಕೊಂಡು ಬಂದಿದ್ದೆವು ಸ್ವಾಮಿ" ಎಂದುಬಿಟ್ಟರು. ಆಮೇಲೆ ಮನೆಯಲ್ಲಿ ಯಾರೋ ಆಕ್ಷೇಪಿಸಿದಾಗ ಅವರು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರೇ ಹೊರತು ಉತ್ತರಿಸಲಿಲ್ಲ.

ಆ ಒಂದು ಮಾತಿನ ಬೆಲೆ ಏನೆಂಬುದು ಮುಂದೆ ತಿಳಿಯಿತು. ಬಿಳಿ ಫಲಕದ ಕಾರು ಸ್ವಂತ ಬಳಕೆಗೆ ಮಾತ್ರ. ಹಣ ಪಡೆದು ಜನರನ್ನು ಒಯ್ಯಬೇಕಾದರೆ 1988ರ ಮೋಟಾರು ವಾಹನ ಕಾಯಿದೆಯಂತೆ ಪರವಾನಗಿ ಬೇಕು, ಹಳದಿ ಫಲಕ ಬೇಕು. ಚಾಲಕರಿಲ್ಲದೆ ಬಾಡಿಗೆಗೆ ಕೊಡುವ ಕಾರಿಗಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಖಾಸಗಿ ಕಾರಿನ ವಿಮಾ ಪತ್ರದಲ್ಲಿ, ಬಾಡಿಗೆಗೆ ಬಳಸಿದರೆ ಹೊಣೆಯಿಲ್ಲವೆಂಬ ಷರತ್ತು ಇದ್ದೇ ಇರುತ್ತದೆ. ಅದನ್ನು ನಮ್ಮಲ್ಲಿ ಓದುವವರು ಯಾರು? ಕಾರಿನ ರಿಪೇರಿಯ ಹಣವನ್ನು ವಿಮೆಯವರು ಕೊಡಲಿಲ್ಲ. ಹುಡುಗನ ಅರ್ಜಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದಿದೆ. ಇಂತಹ ಪ್ರಕರಣಗಳಲ್ಲಿ ಮೊದಲು ವಿಮೆಯವರೇ ಗಾಯಾಳುವಿಗೆ ಪರಿಹಾರ ಕೊಟ್ಟು, ಬಳಿಕ ಅದನ್ನು ಕಾರಿನ ಒಡೆಯರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದುಂಟೆಂದು ವಕೀಲರು ಹೇಳಿದ್ದಾರೆ. ಮೂರು ಸಾವಿರಕ್ಕಾಗಿ ಹೊನ್ನಾಳಿಯ ಬಂಧು ಒಂದು ಎಕರೆ ತೋಟವನ್ನು ಪಣಕ್ಕಿಟ್ಟಂತಾಯಿತು, ಇಡಿಸಿದವರು ನಾವು.

ಇನ್ನೊಂದು ಮಾತನ್ನೂ ಇಲ್ಲಿಯೇ ತಿಳಿಸುತ್ತೇವೆ. ನೆಂಟರ ಕಾರನ್ನು ನಿಜವಾಗಿಯೂ ಉಚಿತವಾಗಿ ಪಡೆದರೂ ಅದರ ವಿಮೆ ಯಾವ ಬಗೆಯದೆಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಕೇವಲ ಮೂರನೆಯವರ ಹೊಣೆಯ ವಿಮೆ ಇದ್ದರೆ ಕಾರಿನೊಳಗೆ ಕುಳಿತ ಅತಿಥಿಗಳಿಗೆ ಅದರ ರಕ್ಷಣೆ ಸಿಗುವುದಿಲ್ಲ. ಪೂರ್ಣ ಪ್ಯಾಕೇಜು ವಿಮೆ ಇದ್ದರೆ ಸಿಗುತ್ತದೆ.

ನುಲಿಯ ಚಂದಯ್ಯನವರ ಪ್ರಸಂಗ ತಮಗೆಲ್ಲ ತಿಳಿದದ್ದೇ. ಅವರು ಹೊಸೆದ ಹಗ್ಗಕ್ಕೆ ಬಸವಣ್ಣನವರು ಸಲ್ಲುವ ಬೆಲೆಗಿಂತ ಹೆಚ್ಚಿನ ಹೊನ್ನು ಕೊಟ್ಟಾಗ ಚಂದಯ್ಯನವರು ಒಪ್ಪಲಿಲ್ಲ. ಹೆಚ್ಚು ಕೊಡುವುದು ಸಲ್ಲದೆಂಬುದನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಕಡಿಮೆ ಕೊಡುವುದಕ್ಕಾಗಿ ನೆಂಟಸ್ತನವನ್ನು ಮುಂದೆ ಮಾಡುವಾಗ ಆ ಕಥೆ ನೆನಪಾಗುವುದಿಲ್ಲ. ಹಳದಿ ಫಲಕದ ಗಾಡಿಯವರು ಹೆಚ್ಚು ಕೇಳುತ್ತಾರೆಂದು ನಾವು ಗೊಣಗಿದ್ದೆವು. ಅವರು ತೆರಿಗೆ ಕಟ್ಟುತ್ತಾರೆ, ಬಾಡಿಗೆ ವಾಹನದ ದುಬಾರಿ ವಿಮೆ ಕಟ್ಟುತ್ತಾರೆ, ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ ಅರ್ಹತಾ ಪರೀಕ್ಷೆ ಮಾಡಿಸುತ್ತಾರೆ. ಆ ಹೆಚ್ಚಿನ ಹಣದಲ್ಲಿ ಇದೆಲ್ಲ ಇದೆ. ದೋಣಿ ನಡೆಸಿ ಜನರನ್ನು ದಾಟಿಸಿದ ಅಂಬಿಗರ ಚೌಡಯ್ಯನವರನ್ನು ಶರಣರೆಂದು ಪೂಜಿಸುವ ನಾವು, ಗಾಡಿ ನಡೆಸುವವನನ್ನು ಮದುವೆಯ ಮನೆಯ ಹೊರಗೆ ಹಸಿದು ಕಾಯಿಸುವುದನ್ನೂ ಎಷ್ಟೋ ಕಡೆ ಕಂಡಿದ್ದೇವೆ.

ವೈಶಾಖದಲ್ಲಿ ಮದುವೆ ಜಗಳೂರಿನಲ್ಲಿಯೇ ನಡೆಯಿತು. ಈ ಸಲ ಚನ್ನಗಿರಿಯಿಂದ ಹಳದಿ ಫಲಕದ ಗಾಡಿಯನ್ನೇ ಗೊತ್ತುಮಾಡಿದೆವು. ಕಿಲೋಮೀಟರಿನ ದರ, ಚಾಲಕನ ಬತ್ತೆ, ರಾತ್ರಿ ತಂಗಿದ್ದಕ್ಕೆ ಬೇರೆ, ಎಲ್ಲವನ್ನೂ ಮೊದಲೇ ಚೀಟಿಯಲ್ಲಿ ಬರೆದುಕೊಂಡೆವು. ಚಾಲಕನನ್ನು ಮೊದಲ ಪಂಕ್ತಿಯಲ್ಲಿಯೇ ಊಟಕ್ಕೆ ಕೂಡಿಸಿದವರು ದೊಡ್ಡಮ್ಮನವರು. ಆಸ್ಪತ್ರೆಯಿಂದ ಬಂದ ಹುಡುಗ ಈಗ ಕೋಲು ಹಿಡಿದು ನಡೆಯುತ್ತಾನೆ. ಅವನ ಮನೆಗೆ ಷಡ್ಡಕರೂ ನಾವೂ ತಿಂಗಳಿಗಿಷ್ಟೆಂದು ಕೊಡುತ್ತಿದ್ದೇವೆ. ಅದು ದಾನವೆಂದು ಯಾರೂ ಭಾವಿಸಬಾರದು.

ಹೊನ್ನಾಳಿಯ ಬಂಧು ಮದುವೆಗೆ ಬಸ್ಸಿನಲ್ಲಿ ಬಂದಿದ್ದರು. ಕರೆದರೂ ಬರುವರೋ ಇಲ್ಲವೋ ಎಂಬ ಅಳುಕು ನಮಗಿತ್ತು. ಹಿಂತಿರುಗುವಾಗ ಒತ್ತಾಯಪಡಿಸಿ ನಮ್ಮ ಕಾರಿನಲ್ಲಿ ಕೂಡಿಸಿಕೊಂಡೆವು. ಊರು ತಲುಪುವವರೆಗೂ ಅವರು ಅಡಿಕೆಯ ದರ, ಮಳೆ ಇವುಗಳ ಹೊರತು ಬೇರೇನನ್ನೂ ಮಾತನಾಡಲಿಲ್ಲ. ಮನೆಯ ಮುಂದೆ ಇಳಿದಾಗ ಮಾತ್ರ, ಅಂಗಳದಲ್ಲಿ ಗೋಣಿತಟ್ಟು ಹೊದಿಸಿ ನಿಲ್ಲಿಸಿದ್ದ ತಮ್ಮ ಕಾರಿನ ಕಡೆಗೆ ನೋಡಿ, "ಒಳಗೆ ಬನ್ನಿ, ಕಾಫಿ ಕುಡಿದು ಹೋಗುವಿರಂತೆ" ಎಂದರು.