ಇಳಕಲ್ ಸೀರೆ: ಆಯ್ಕೆ, ಜೋಪಾನ

ಈದ್‌ಗೆ, ನಿಕಾಹ್‌ಗೆ ರಬಕವಿ-ಬನಹಟ್ಟಿ ಕಡೆಯಿಂದ ಇಳಕಲ್ ಸೀರೆ ತರಿಸುವ ಸಹೋದರಿಯರು ಬಣ್ಣಕ್ಕಿಂತ ಮೊದಲು ಸೆರಗು ಮೈಗೆ ಕೂಡುವ ಗೆರೆಯನ್ನು ನೋಡಬೇಕು. ಭೌಗೋಳಿಕ ಗುರುತು ಪಡೆದ ಈ ಸೀರೆಯಲ್ಲಿ ಮೈಯ ಹಾಸುನೂಲು ಬೇರೆ, ಸೆರಗಿನದು ಬೇರೆ. ಎರಡನ್ನೂ ಕೊಂಡಿಗೆ ಕೊಂಡಿ ಹಾಕಿ ಕೈಯಿಂದಲೇ ಸೇರಿಸುತ್ತಾರೆ. ಆ ಕೊಂಡಿ ಕಾಣದಿದ್ದರೆ ಕೈಮಗ್ಗದ ಬೆಲೆ ಕೊಡಬೇಡಿ. ವಿದ್ಯುತ್ ಮಗ್ಗದ ಸೀರೆಯೂ ಉಡಲು ಚೆನ್ನ, ಬೆಲೆ ಮಾತ್ರ ಅದರದೇ ಇರಲಿ.

ಕೆಂಪು ಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಡ್ರೈಕ್ಲೀನಿಂಗೇ ಗತಿ. ಹತ್ತದಿದ್ದರೆ ತಣ್ಣೀರು, ಅಂಟುವಾಳದ ನೊರೆ ಸಾಕು. ಹಿಂಡದೆ ನೆರಳಲ್ಲಿ ಒಣಗಿಸಿ. ಅತ್ತರನ್ನು ರೇಷ್ಮೆಗೆ ತಾಗಿಸಬೇಡಿ, ಎಣ್ಣೆಯ ಕಲೆ ನಿಲ್ಲುತ್ತದೆ. ಬೆವರು, ಕಲೆ ಇರುವ ರೇಷ್ಮೆ, ಉಣ್ಣೆಗಳಿಗೇ ನುಸಿ ಬೇಗ ಹತ್ತುವುದು. ತಾಯಿಯ ನಿಕಾಹ್ ಸೀರೆ ಪೆಟ್ಟಿಗೆಯಲ್ಲಿದ್ದರೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ.